ಗದಗಿನ ಸೇರು, ನಿಜ್ವಾದ ಮದ್ದು

ಇವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಗದಗಿನಿಂದ ಫೋನು ಬರುವುದು ಖಂಡಿತ. "ತಂಗಿ, ನಾಕನೇ ಪ್ಯಾರಾದಾಗ ಇನ್ನೂರು ಗ್ರಾಂ ಅಂತ ಬರದೀರಲ್ಲ, ಅದು ನೂರಾ ತೊಂಬತ್ತೆಂಟು ಇತ್ತು" ಎಂದು ಶುರು ಮಾಡಿದರೆ ಅರ್ಧ ಗಂಟೆ ಬಿಡುವವರಲ್ಲ. ಮಸ್ಕತ್ತಿನ ನಮ್ಮ ಕಂಪನಿಯಲ್ಲಿ ಮ್ಯಾನೇಜರಿಂದ ಡ್ರೈವರವರೆಗೆ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಮ್ಮದು ತಕ್ಕಡಿಗಳನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಸರಿಯಾಗಿದೆ ಎಂದು ಸರ್ಟಿಫಿಕೇಟ್ ಕೊಡುವ ಕಂಪನಿ. ಚಿನ್ನದ ಅಂಗಡಿ, ಔಷಧಿ ಅಂಗಡಿ, ಬೇಕರಿ, ಮೀನಿನ ಮಾರುಕಟ್ಟೆ, ಎಲ್ಲೆಲ್ಲಿ ತೂಕವಿದೆಯೋ ಅಲ್ಲೆಲ್ಲ ನಮಗೆ ಕೆಲಸ. ನಾನು ಆಫೀಸಿನಲ್ಲಿ ಕೂತು ಸರ್ಟಿಫಿಕೇಟ್ ತಯಾರಿಸುವವಳು. ಉಡುಪಿ ಕಡೆಯವಳು, ಮನೆಯಲ್ಲಿ ಕೊಂಕಣಿ, ರಸ್ತೆಯಲ್ಲಿ ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಉಸ್ತಾದರ ಕನ್ನಡ ನನಗೆ ಮೊದಮೊದಲು ಅರ್ಧವೂ ತಿಳಿಯುತ್ತಿರಲಿಲ್ಲ. ಮೊದಲ ದಿನ ಕಂಪನಿಯ ಗಾಡಿಯ ಬಾಗಿಲು ತೆಗೆದು "ಹತ್ರಿ ತಂಗಿ, ಹತ್ರಿ" ಅಂದರು. ಹತ್ತಿರ ಬರಲು ಹೇಳುತ್ತಿದ್ದಾರೆಂದು ನಾನು ಗಾಡಿಯ ಹತ್ತಿರ ಹೋಗಿ ನಿಂತೆ. ಅವರು ಮತ್ತೆ "ಹತ್ರಿ" ಅಂದರು. ನಾನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದೆ. ಕಡೆಗೆ ಅವರು "ಗೆಟ್ ಇನ್" ಅಂದಾಗಲೇ ನಾನು ಹತ್ತಿದ್ದು.

"ನಿಮ್ಮ ಕನ್ನಡ ಪುಸ್ತಕ ಓದಿದಂಗ ಐತ್ರಿ" ಎಂದು ನಕ್ಕರು.

"ನಿಮ್ಮದು ಎಂತ ಭಾಷೆ ಅಂತಲೇ ನನಗೆ ಗೊತ್ತಾಗುವುದಿಲ್ಲ ಮಾರಾಯ್ರೆ" ಎಂದೆ. ಅಲ್ಲಿಂದ ನಮ್ಮ ಸ್ನೇಹ.

ಗಾಡಿಯ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ವೆಲ್ವೆಟ್ಟಿನ ಗುಳಿಗಳಲ್ಲಿ ಸಾಲಾಗಿ ಕೂತ ತೂಕದ ಕಲ್ಲುಗಳು. ಕಲ್ಲು ಎಂದರೆ ಕಲ್ಲಲ್ಲ, ಹೊಳೆಯುವ ಉಕ್ಕಿನವು. ಸಾಸಿವೆಯಷ್ಟು ಸಣ್ಣದರಿಂದ ಹಿಡಿದು ಲೋಟದಷ್ಟು ದೊಡ್ಡದರ ತನಕ. ಆ ಪೆಟ್ಟಿಗೆಗೆ ಉಸ್ತಾದ್ ಸೀಟ್ ಬೆಲ್ಟ್ ಹಾಕುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತ ನಾನು ಬೆಲ್ಟ್ ಮರೆತರೆ ಅವರಿಗೆ ಆಮೇಲೆ ನೆನಪಾಗುತ್ತಿತ್ತು, ಪೆಟ್ಟಿಗೆಯದು ಮೊದಲು. ಒಮ್ಮೆ ಗೊತ್ತಿಲ್ಲದೆ ಒಂದು ಕಲ್ಲನ್ನು ನಾನು ಬರಿ ಬೆರಳಿನಿಂದ ಎತ್ತಿಬಿಟ್ಟೆ. ಬೆರಳಿನ ಜಿಡ್ಡಿಗೂ ಅದರ ತೂಕ ಬದಲಾಗುತ್ತದಂತೆ. ಉಸ್ತಾದ್ ಬೈಯಲಿಲ್ಲ. ಬಿಳಿ ಕೈಗವಸು ಹಾಕಿಕೊಂಡು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಮೆತ್ತನೆ ಬಟ್ಟೆಯಿಂದ ಒರೆಸಿ, "ಇದಕ್ಕ ಇವತ್ತೊಂದಿನ ರಜಾ ಕೊಡೂಣು, ಪಾಪ ಅಂಜೈತಿ" ಎಂದು ಬೇರೆ ಡಬ್ಬಿಯಲ್ಲಿ ಇಟ್ಟರು. ನಾನು ಮತ್ತೆಂದೂ ಮುಟ್ಟಲಿಲ್ಲ.

ಇಷ್ಟು ತೂಕದ ಮನುಷ್ಯ ಮನೆಯಲ್ಲಿ ಹೇಗಿರಬಹುದೆಂದು ನನಗೆ ಕುತೂಹಲ. ಮಸ್ಕತ್ತಿನ ಹೊರವಲಯದ ಅಲ್ ಅಮೇರಾತಿನಲ್ಲಿ ಅವರ ಮನೆ. ಒಂದು ಶುಕ್ರವಾರ ಊಟಕ್ಕೆ ಕರೆದಿದ್ದರು. ಅವರ ಹೆಂಡತಿ ಜೋಳದ ಹಿಟ್ಟನ್ನು ಮುಷ್ಟಿಯಲ್ಲಿ ಎತ್ತಿ, ನೀರನ್ನು ಕಣ್ಣಳತೆಯಲ್ಲಿ ಸುರಿದು, ರೊಟ್ಟಿ ಬಡಿಯುತ್ತಿದ್ದರು. ಹದಿನಾಲ್ಕು ರೊಟ್ಟಿಗಳೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು.

"ಅಡಿಗೆಮನೆಯಲ್ಲಿ ತಕ್ಕಡಿ ಇಲ್ವಾ ಆಂಟಿ?" ಎಂದು ಕೇಳಿದೆ.

"ಒಂದ ಸಲ ತಂದಿದ್ರವ್ವಾ, ಛಲೋದು" ಎಂದರು ಅವರು. "ಅದರ ಮ್ಯಾಲೆ ನಾ ಉಳ್ಳಾಗಡ್ಡಿ ಬುಟ್ಟಿ ಇಟ್ಟೀನಿ. ಮಟ್ಟಸ ಕೂಡತೈತಿ."

ಉಸ್ತಾದ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಣ್ಣೆಗಾಯಿ ಬದನೆಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಆ ಬೇಸಿಗೆ ಕಂಪನಿ ಟ್ಯಾಬ್ಲೆಟ್ಟುಗಳನ್ನು ತರಿಸಿತು. ಇನ್ನು ಮುಂದೆ ಸರ್ಟಿಫಿಕೇಟನ್ನು ಸ್ಥಳದಲ್ಲೇ ಅದರಲ್ಲಿ ತುಂಬಿಸಬೇಕು. ಉಸ್ತಾದರ ಬೆರಳು ದಪ್ಪ. ಐದು ಒತ್ತಿದರೆ ಎಂಟು ಬರುತ್ತಿತ್ತು. ಅವರಿಗೆ ಅಭ್ಯಾಸವಾಗುವವರೆಗೆ ಎರಡು ವಾರ ನಾನು ಜೊತೆಗೆ ಸುತ್ತಬೇಕೆಂದು ಮ್ಯಾನೇಜರು ಹೇಳಿದರು. ಹಾಗೆ ಒಂದು ಗುರುವಾರ ಬೆಳಿಗ್ಗೆ ನಾವು ಎರಡು ಗಂಟೆ ದಾರಿಯ ನಿಜ್ವಾ ಎಂಬ ಊರಿಗೆ ಹೊರಟೆವು. ಅಲ್ಲಿನ ಒಂದು ಶೂಟಿಂಗ್ ಕ್ಲಬ್ಬಿನಿಂದ ಕರೆ ಬಂದಿತ್ತು: ತಕ್ಕಡಿ ಕೆಟ್ಟಿದೆ, ತೂಕ ಜಾಸ್ತಿ ತೋರಿಸುತ್ತಿದೆ, ಶನಿವಾರ ಸ್ಪರ್ಧೆ ಇದೆ, ಕೂಡಲೇ ಬನ್ನಿ.

"ಬಂದೂಕಿನವರಿಗೆ ತಕ್ಕಡಿ ಎಂತಕ್ಕೆ ಸರ್?" ಎಂದು ದಾರಿಯಲ್ಲಿ ಕೇಳಿದೆ.

ಅವರು ವಿವರಿಸಿದರು. ಒಮ್ಮೆ ಹಾರಿಸಿದ ಕಾಡತೂಸಿನ ಹಿತ್ತಾಳೆಯ ಕವಚ ಹಾಗೇ ಉಳಿಯುತ್ತದೆ. ಪರವಾನಗಿ ಇರುವ ಕ್ಲಬ್ಬಿನವರು ಅದನ್ನು ತೊಳೆದು, ಮತ್ತೆ ಮದ್ದಿನ ಪುಡಿ ತುಂಬಿ, ಹೊಸ ಗುಂಡು ಕೂರಿಸಿ ಬಳಸುತ್ತಾರೆ. ಮದ್ದು ಎಲ್ಲದರಲ್ಲೂ ಒಂದೇ ಸಮ ಇದ್ದರೆ ಗುಂಡು ಒಂದೇ ಕಡೆ ಹೋಗುತ್ತದೆ. ಕಮ್ಮಿಯಾದರೆ ಗುರಿ ತಪ್ಪುತ್ತದೆ.

"ಜಾಸ್ತಿ ಆದ್ರೆ?"

"ಜಾಸ್ತಿ ಆದ್ರ ಗುಂಡು ಮುಂದ ಹೋಗೂದ್ರ ಜೋಡಿ ಬಂದೂಕು ಹಿಂದ ಬರತೈತ್ರಿ. ಮಾರಿ ಮ್ಯಾಲೆ."

ಆಮೇಲೆ ತಮ್ಮ ತಾಯಿಯ ಸುದ್ದಿ ತೆಗೆದರು. ಆಕೆ ವಾರದ ಸಂತೆಯಲ್ಲಿ ಜೋಳ ಮಾರುತ್ತಿದ್ದರಂತೆ, ಸೇರಿನಲ್ಲಿ ಅಳೆದು. "ಸೇರು ತುಂಬೂದ್ರಾಗ ದೊಡ್ಡ ವಿದ್ಯಾ ಐತ್ರಿ. ಮೆಲ್ಲಕ ಸುರದ್ರ ಒಂದು ತೂಕ, ತಟ್ಟಿ ತಟ್ಟಿ ಸುರದ್ರ ಇನ್ನೊಂದು. ಸಣ್ಣ ಕಾಳು ಒತ್ತಿ ಕೂಡತೈತಿ, ದಪ್ಪ ಕಾಳಿನ ನಡುವ ಗಾಳಿ ಕೂಡತೈತಿ. ನಮ್ಮವ್ವ ಹೇಳತಿದ್ಲು, ಸೇರು ಸುಳ್ಳ ಹೇಳೂದಿಲ್ಲ, ಆದ್ರ ಒಳಗ ಏನು ಹಾಕೀರಿ ಅಂತ ಕೇಳೂದೂ ಇಲ್ಲ ಅಂತ. ನಾ ತಕ್ಕಡಿ ಕೆಲಸಕ್ಕ ಬಂದಿದ್ದ ಆಕಿಯಿಂದ."

ಖರ್ಜೂರದ ತೋಟಗಳನ್ನು ದಾಟಿ, ಬೋಳು ಗುಡ್ಡದ ಬುಡದಲ್ಲಿ ಉದ್ದನೆಯ ಗೋಡೆ. ಅದೇ ಕ್ಲಬ್ಬು. ನಮ್ಮನ್ನು ಎದುರುಗೊಂಡವರು ಎಪ್ಪತ್ತರ ಹತ್ತಿರದ ಓಮಾನಿ ಹಿರಿಯರು. ಸೈನ್ಯದಿಂದ ನಿವೃತ್ತರಾದವರು, ಕ್ಲಬ್ಬಿನ ಬಂದೂಕು ಮತ್ತು ಕಾಡತೂಸುಗಳ ಉಸ್ತುವಾರಿ ಅವರದೇ. ಎಲ್ಲರೂ ಹಾಜಿ ಎನ್ನುತ್ತಿದ್ದರು. ಸೈನ್ಯದಲ್ಲಿದ್ದಾಗ ಕಲಿತ ಒಳ್ಳೆಯ ಹಿಂದಿ ಅವರದು. ಉಸ್ತಾದರ ಹಿಂದಿ ಅಷ್ಟು ಒಳ್ಳೆಯದಲ್ಲ, ಆದರೆ ಧೈರ್ಯವಿತ್ತು. ಇಬ್ಬರೂ ಅದರಲ್ಲೇ ಮಾತಾಡಿದರು.

ಕೋಣೆಯಲ್ಲಿ ಎ.ಸಿ.ಯ ನೇರ ಕೆಳಗೆ ಒಂದು ಮೇಜು. ಮೇಜಿನ ಮೇಲೆ ತಕ್ಕಡಿ. ಪಕ್ಕದಲ್ಲಿ ಹಿತ್ತಾಳೆಯ ಹಿಡಿಕೆ ಇದ್ದ ಒಂದು ಹಳೆಯ ಯಂತ್ರ. ಮೇಲಿನ ಗಾಜಿನ ಕೊಳವೆಗೆ ಮದ್ದು ಸುರಿದು ಹಿಡಿಕೆ ತಿರುಗಿಸಿದರೆ, ಒಳಗಿನ ಒಂದು ಪುಟ್ಟ ಕುಳಿ ತುಂಬುವಷ್ಟು ಮಾತ್ರ ಕೆಳಗೆ ಬೀಳುತ್ತದೆ. ತೂಕವಿಲ್ಲ, ಬರೀ ಅಳತೆ.

"ಈ ಅಳತೆ ಹದಿನೈದು ವರ್ಷದಿಂದ ನನ್ನ ಕೈಯಲ್ಲಿದೆ. ಒಂದು ಕೂದಲೆಳೆ ಬದಲಾಗಿಲ್ಲ" ಎಂದರು ಹಾಜಿ. "ಈ ತಕ್ಕಡಿ ಮಾತ್ರ ಮೊದಲಿಂದಲೂ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಈಗಂತೂ ಜಾಸ್ತಿ ತೋರಿಸುತ್ತಿದೆ. ಅದೇ ಅಳತೆಯ ಮದ್ದು ಒಮ್ಮೆಲೇ ಭಾರವಾಗುವುದು ಹೇಗೆ? ಸರಿ ಮಾಡು, ಇಲ್ಲದಿದ್ದರೆ ಹೊರಗೆ ಬಿಸಾಡುತ್ತೇನೆ."

ಉಸ್ತಾದ್ ಎ.ಸಿ. ಆರಿಸಿದರು. ತಕ್ಕಡಿಯ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದರು. ಇಪ್ಪತ್ತು ನಿಮಿಷ ಕಾದರು. ಕೈಗವಸು ಹಾಕಿ, ಇಕ್ಕಳದಿಂದ ಒಂದೊಂದೇ ಕಲ್ಲನ್ನು ಇಟ್ಟು ತೆಗೆದರು. ಎಲ್ಲ ಅಂಕಿಗಳೂ ಸರಿಯಾಗಿದ್ದವು. ಇನ್ನೊಮ್ಮೆ ಮಾಡಿದರು. ಸರಿ. ಮೂರನೆಯ ಸಲವೂ ಸರಿ. ನಾನು ಖುಷಿಯಿಂದ ಟ್ಯಾಬ್ಲೆಟ್ಟಿನಲ್ಲಿ 'ಪಾಸ್' ಎಂದು ಒತ್ತಿ, ಊಟಕ್ಕೆ ಎಲ್ಲಿ ನಿಲ್ಲಬಹುದೆಂದು ಯೋಚಿಸತೊಡಗಿದೆ.

ಅವರು ಏಳಲಿಲ್ಲ. ಗೋಡೆಯ ಪಕ್ಕದ ಟ್ರೇಗಳನ್ನು ನೋಡುತ್ತಿದ್ದರು. ಶನಿವಾರಕ್ಕೆಂದು ತುಂಬಿಟ್ಟ ಕಾಡತೂಸುಗಳು, ಮುನ್ನೂರ ಇಪ್ಪತ್ತು, ಸೈನಿಕರಂತೆ ನೆಟ್ಟಗೆ ನಿಂತಿದ್ದವು.

"ಹಾಜಿ, ಮದ್ದಿನ ಡಬ್ಬಿ ಹೊಸದೇ?"

"ಹೋದ ವಾರ ತೆರೆದದ್ದು. ಅದೇ ಕಂಪನಿ. ಯಾಕೆ?"

ಉಸ್ತಾದ್ "ಒಂದು ನಿಮಿಷ" ಎಂದು ಹೊರಗೆ ಬಂದು ಮ್ಯಾನೇಜರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. "ತಕ್ಕಡಿ ಸರಿ ಇದೆಯಲ್ಲ? ಸೈನ್ ಮಾಡಿ, ಖಲಾಸ್, ವಾಪಸ್ ಬನ್ನಿ. ಮದ್ದುಗುಂಡಿನ ವಿಷಯಕ್ಕೆ ತಲೆ ಹಾಕಬೇಡಿ. ನಾವು ಹೊರದೇಶದವರು ಅನ್ನೋದು ನೆನಪಿರಲಿ. ನಾಳೆ ಏನಾದರೂ ಕಂಪ್ಲೇಂಟ್ ಬಂದರೆ ನಾನು ನಿಮ್ಮ ಹಿಂದೆ ನಿಲ್ಲೋದಿಲ್ಲ."

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಅವರ ಚಿಕ್ಕ ಮಗಳ ಕಾಲೇಜು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಆ ಕೆಲಸ ಅವರಿಗೆ ಬೇಕಾಗಿತ್ತು. ನನಗದು ಗೊತ್ತಿತ್ತು. ಮುಖ ಒರೆಸಿಕೊಂಡು, "ತಂಗಿ, ನೀವು ಗಾಡ್ಯಾಗ ಕೂಡ್ರಿ. ನಿಮ್ಮ ಹೆಸರು ಇದರಾಗ ಬರೂದು ಬ್ಯಾಡ" ಎಂದರು.

"ನೀವೇನು ಮಾಡ್ತೀರಿ?"

"ತಕ್ಕಡಿ ಖರೇ ಹೇಳಾಕತ್ತೈತ್ರಿ. ಅದರ ಮಾತು ಯಾರರೆ ಒಬ್ಬರು ಆ ಮನಷ್ಯಾಗ ತಿಳಿಸಿ ಹೇಳಬೇಕಲ್ಲ."

ನಾನು ಗಾಡಿಗೆ ಹೋಗಲಿಲ್ಲ. ಧೈರ್ಯದಿಂದಲ್ಲ, ಹೊರಗೆ ಸುಡುವ ಬಿಸಿಲು, ಗಾಡಿಯ ಕೀಲಿ ಅವರ ಜೇಬಿನಲ್ಲೇ ಇತ್ತು. ಹಿಂದೆಯೇ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಉಸ್ತಾದ್ ಸುತ್ತುಬಳಸಿ ಹೇಳಲಿಲ್ಲ. "ಹಾಜಿ, ತಕ್ಕಡಿ ಸರಿಯಾಗಿದೆ. ನಿಮ್ಮ ಯಂತ್ರವೂ ಸರಿಯಾಗಿದೆ. ಮದ್ದು ಬೇರೆಯಾಗಿದೆ. ಆ ಟ್ರೇಯಲ್ಲಿರುವುದನ್ನು ಯಾರೂ ಹಾರಿಸಬಾರದು."

ಹಾಜಿಯ ಮುಖ ಕಲ್ಲಾಯಿತು. "ನಾನು ಮೊದಲ ಸಲ ಬಂದೂಕು ಹಿಡಿದಾಗ ನೀನು ಹಾಲು ಕುಡಿಯುತ್ತಿದ್ದೆ" ಎಂದರು.

"ಇದ್ದರೂ ಇರಬಹುದು. ನಿಮ್ಮ ಅಡಿಗೆಮನೆಯಲ್ಲಿ ಉಪ್ಪಿದೆಯೇ?"

"ಏನು?"

"ಉಪ್ಪು. ಮಾಂಸಕ್ಕೆ ಹಚ್ಚುವ ಹರಳುಪ್ಪು ಸ್ವಲ್ಪ, ಊಟದ ಮೇಜಿನ ಪುಡಿ ಉಪ್ಪು ಸ್ವಲ್ಪ."

ಹಾಜಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿರಬೇಕು. ಕೂಗಿ ಎರಡನ್ನೂ ತರಿಸಿದರು. ಉಸ್ತಾದ್ ನೀರಿನ ಬಾಟಲಿಯ ಮುಚ್ಚಳ ತೆಗೆದು ಒರೆಸಿ ಅವರ ಕೈಗೆ ಕೊಟ್ಟರು. "ನಾನು ಮುಟ್ಟುವುದಿಲ್ಲ. ಹರಳುಪ್ಪು ತುಂಬಿ, ಮೇಲೆ ಸಮ ಮಾಡಿ, ನೀವೇ ತೂಗಿ." ಹಾಜಿ ತೂಗಿದರು. "ಈಗ ಅದೇ ಮುಚ್ಚಳದಲ್ಲಿ ಪುಡಿ ಉಪ್ಪು." ಹಾಜಿ ಅದನ್ನೂ ತೂಗಿದರು. ಅಂಕಿ ನೋಡಿದರು. ಉಪ್ಪನ್ನು ಚೆಲ್ಲಿ, ನಮ್ಮನ್ನು ಕೇಳದೆಯೇ, ಮೊದಲಿನಿಂದ ಎರಡನ್ನೂ ಮತ್ತೊಮ್ಮೆ ತೂಗಿದರು. ಎರಡು ಸಲವೂ ಪುಡಿ ಉಪ್ಪೇ ಹೆಚ್ಚು ತೂಗಿತು.

"ಮುಚ್ಚಳ ಒಂದೇ" ಎಂದರು ಉಸ್ತಾದ್ ಮೆಲ್ಲಗೆ. "ಎರಡೂ ಉಪ್ಪೇ."

ಹಾಜಿ ಎದ್ದು ಕಪಾಟಿನಿಂದ ಖಾಲಿಯಾದ ಹಳೆಯ ಡಬ್ಬಿಯನ್ನೂ ಹೊಸ ಡಬ್ಬಿಯನ್ನೂ ತಂದು ಪಕ್ಕಪಕ್ಕ ಇಟ್ಟರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅದೇ ಕಂಪನಿ, ಅದೇ ಬಣ್ಣ, ಅದೇ ಅಕ್ಷರ. ಕೊನೆಯ ಒಂದು ಅಂಕಿ ಮಾತ್ರ ಬೇರೆ. ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ಕಾಗದದ ಮೇಲೆ ತಟ್ಟಿ, ಪಕ್ಕದಲ್ಲಿ ಹೊಸದರ ಚಿಟಿಕೆ ಹಾಕಿದರು. ಹೊಸದು ಕಣ್ಣಿಗೆ ಕಾಣುವಷ್ಟು ಸಣ್ಣ ಕಾಳಿನದು. ಅವರು ಕುರ್ಚಿಯ ಮೇಲೆ ನಿಧಾನವಾಗಿ ಕೂತರು.

ಇಲ್ಲಿಗೆ ಉಸ್ತಾದ್ ಗೆದ್ದರು, ಇನ್ನು ಹೊರಡಬಹುದು ಎಂದುಕೊಂಡೆ. ಅವರು ಹಾಜಿಯ ಎದುರಿಗೆ ಹೋಗಿ ನಿಂತರು.

"ತಪ್ಪು ನನ್ನದೂ ಇದೆ, ಹಾಜಿ. ಆರು ತಿಂಗಳ ಹಿಂದೆ ಬಂದವನು ನಾನೇ. ಆಗಲೂ ಈ ಮೇಜು ಎ.ಸಿ. ಕೆಳಗೇ ಇತ್ತು. ಗಾಳಿಗೆ ಅಂಕಿ ಕುಣಿಯುವುದನ್ನು ನೋಡಿದೆ. ಎ.ಸಿ. ಆರಿಸಿ, ಪರೀಕ್ಷೆ ಮಾಡಿ, ಸಹಿ ಹಾಕಿ ಹೋದೆ. ಮೇಜು ಸರಿಸಿ ಎಂದು ಒಂದು ಮಾತು ಹೇಳಲಿಲ್ಲ. ಇನ್ನೊಂದು ಕಡೆ ಹೋಗುವ ಅವಸರದಲ್ಲಿದ್ದೆ. ಹೇಳಿದ್ದರೆ ನಿಮಗೆ ಈ ತಕ್ಕಡಿಯ ಮೇಲೆ ನಂಬಿಕೆ ಹೋಗುತ್ತಿರಲಿಲ್ಲ. ಮೊನ್ನೆ ಅದು ಜಾಸ್ತಿ ಎಂದಾಗ ನೀವು ಅಲ್ಲೇ ಕೈ ನಿಲ್ಲಿಸುತ್ತಿದ್ದಿರಿ."

ಹಾಜಿ ಅವರನ್ನು ದಿಟ್ಟಿಸಿ ನೋಡಿದರು. ಯಾರೂ ಕೇಳದ ತಪ್ಪನ್ನು ಈ ಮನುಷ್ಯ ಯಾಕೆ ಒಪ್ಪಿಕೊಳ್ಳುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಹಾಜಿ ಎದ್ದರು. ಮೇಜಿನ ಒಂದು ತುದಿ ಹಿಡಿದರು. "ಯಲ್ಲಾ, ಬಾ, ಆ ಕಡೆ ಹಿಡಿ" ಎಂದರು. ತಕ್ಕಡಿಯನ್ನು ಕಿಟಕಿಯ ಹಲಗೆಗೆ ಇಟ್ಟು, ಇಬ್ಬರೂ ಏದುಸಿರು ಬಿಡುತ್ತಾ ಆ ಮೇಜನ್ನು ಎದುರು ಗೋಡೆಗೆ ಸರಿಸಿದರು.

ಆಮೇಲೆ ಹಾಜಿ ಕ್ಲಬ್ಬಿನ ಇಬ್ಬರು ಸದಸ್ಯರನ್ನು ಕರೆಸಿದರು. ಮುನ್ನೂರ ಇಪ್ಪತ್ತನ್ನೂ ಬಿಚ್ಚಬೇಕು. ನಾವಿಬ್ಬರೂ ಕಾಡತೂಸು ಮುಟ್ಟಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. ಸದಸ್ಯರು ಒಂದೊಂದರ ಗುಂಡನ್ನೂ ಕಿತ್ತು ಮದ್ದನ್ನು ತಟ್ಟೆಗೆ ಸುರಿದಾಗ ಹಾಜಿ ತೂಗಿ ಅಂಕಿಯನ್ನು ಜೋರಾಗಿ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಉಸ್ತಾದ್ ಇಪ್ಪತ್ತಕ್ಕೊಮ್ಮೆ ತಮ್ಮ ಕಲ್ಲನ್ನು ಇಟ್ಟು ತಕ್ಕಡಿಯನ್ನು ನೋಡುತ್ತಿದ್ದರು. ನಡುವೆ ಏಲಕ್ಕಿ ಘಮಘಮಿಸುವ ಅರಬ್ಬರ ಕಾಫಿ ಕಾವಾ, ಖರ್ಜೂರ. ಇರಬೇಕಾದ ತೂಕದೊಳಗೆ ಒಂದೂ ಇರಲಿಲ್ಲ. ಎಲ್ಲವೂ ಮೇಲೆ.

ಸಂಜೆ ಹೊರಡುವಾಗ ಹಾಜಿ ತಮ್ಮ ಹಳೆಯ ಯಂತ್ರವನ್ನು ಮೂಲೆಗೆ ಎತ್ತಿಡಲು ಹೊರಟಿದ್ದರು. ಉಸ್ತಾದ್ ತಡೆದರು. "ಬೇಡ ಹಾಜಿ. ಅದು ಬಂಗಾರದಂಥ ಯಂತ್ರ. ಮುನ್ನೂರನ್ನು ಒಂದೊಂದಾಗಿ ತೂಗುತ್ತಾ ಕೂತರೆ ನೀವು ನಮಾಜಿಗೂ ಏಳುವುದಿಲ್ಲ. ಅಳತೆ ಅದೇ ಮಾಡಲಿ. ಹೊಸ ಡಬ್ಬಿ ತೆರೆದಾಗ ಮೊದಲು ತೂಗಿ ಅಳತೆ ಕೂರಿಸಿ, ಆಮೇಲೆ ನಡುನಡುವೆ ತೂಗುತ್ತಾ ಹೋಗಿ." ಹಾಜಿಯ ಮುಖದಲ್ಲಿ ಅವತ್ತು ಮೊದಲ ಸಲ ಸ್ವಲ್ಪ ನಗು ಕಂಡೆ.

ಗಾಡಿಯಲ್ಲಿ ಕೂತ ಮೇಲೆ ಉಸ್ತಾದ್ ಸರ್ಟಿಫಿಕೇಟಿನ ಷರಾ ಜಾಗದಲ್ಲಿ ಒಂದು ಸಾಲು ಸೇರಿಸಲು ಹೇಳಿದರು: ಹಿಂದಿನ ಭೇಟಿಯಲ್ಲಿ ಮೇಜಿನ ಜಾಗ ಸರಿಯಿಲ್ಲವೆಂದು ತಿಳಿಸದೆ ಹೋದದ್ದು ತಂತ್ರಜ್ಞನ ತಪ್ಪು.

"ಸರ್, ಇದು ಬೇಕಾ? ಅವರಿಗೆ ಬಾಯಲ್ಲಿ ಹೇಳಿದ್ದೀರಲ್ಲ."

"ಬಾಯಾಗ ಹೇಳಿದ್ದು ನಿಜ್ವಾದಾಗ ಉಳೀತೈತಿ. ಬರ್ರಿ, ಬರೀರಿ." ನಾನು ಬರೆದ ಮೇಲೆ ಟ್ಯಾಬ್ಲೆಟ್ಟನ್ನು ಒಳಗೆ ಒಯ್ದು ಹಾಜಿಯ ಸಹಿ ಹಾಕಿಸಿಕೊಂಡು ಬಂದರು.

ಭಾನುವಾರ ಮ್ಯಾನೇಜರು ಆ ಸಾಲನ್ನು ಓದಿ ಕುರ್ಚಿಯಿಂದ ಎದ್ದರು. ಕಂಪನಿಯ ಕಾಗದದಲ್ಲೇ ಕಂಪನಿಯ ತಪ್ಪು! ಅಳಿಸು ಎಂದು ನನಗೆ ಹೇಳಿದರು. ಗ್ರಾಹಕರ ಸಹಿ ಆಗಿದೆ, ಇನ್ನು ಟ್ಯಾಬ್ಲೆಟ್ಟು ಅಳಿಸಲು ಬಿಡುವುದಿಲ್ಲ ಎಂದೆ. ಅದು ನಿಜವೇ. ಬಿಡುವ ಹಾಗಿದ್ದರೂ ನಾನು ಅಳಿಸುತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಲು ಸುಲಭ; ಆಗಿನ ನನ್ನ ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ.

ಉಸ್ತಾದರಿಗೆ ಮೆಮೊ ಬಂತು. ಹೊರಗಿನ ಕೆಲಸ ತಪ್ಪಿಸಿ ವರ್ಕ್‌ಶಾಪಿನಲ್ಲಿ ಕೂರಿಸಿದರು. ಅವರು ಕಿರಾಣಿ ಅಂಗಡಿಗಳ ತುಕ್ಕು ಹಿಡಿದ ತಕ್ಕಡಿಗಳನ್ನು ಬಿಚ್ಚಿ ಹರಡಿಕೊಂಡು ಹಾಡು ಗುನುಗುತ್ತಿದ್ದರು. "ಇಲ್ಲಿ ಎ.ಸಿ. ಐತಿ, ಚಾ ಐತಿ, ಊಟಕ್ಕ ಹೊತ್ತಿಗೆ ಸರಿ ಮನಿ ಡಬ್ಬಿ ತೆಗೀತೀನಿ. ಮೆಮೊ ಮೊದಲ ಕೊಟ್ಟಿದ್ರ ಛಲೋ ಇತ್ತು" ಎನ್ನುತ್ತಿದ್ದರು. ಆದರೆ ಗಾಡಿಗಳು ಬೆಳಿಗ್ಗೆ ಹೊರಡುವ ಹೊತ್ತಿಗೆ ಅವರು ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ಮೂರು ತಿಂಗಳಾದ ಮೇಲೆ ನಿಜ್ವಾದ ಕ್ಲಬ್ಬಿನಿಂದ ಪತ್ರ ಬಂತು: ಮುಂದಿನ ಪರೀಕ್ಷೆಗೆ ಹೋದ ಸಲ ಬಂದಿದ್ದವರನ್ನೇ ಕಳಿಸಿ, ಬೇರೆಯವರಾದರೆ ಬೇಡ. ಮ್ಯಾನೇಜರು ಪತ್ರವನ್ನು ಎರಡು ಸಲ ಓದಿ, ಗಾಡಿಯ ಕೀಲಿಯನ್ನು ಉಸ್ತಾದರ ಮುಂದೆ ಇಟ್ಟು ಹೋದರು.

ಮರುವರ್ಷ ಉಸ್ತಾದರಿಗೆ ಅರವತ್ತು ತುಂಬಿತು. ಮಗಳ ಕಾಲೇಜೂ ಮುಗಿದಿತ್ತು. ಊರಿಗೆ ಹೊರಡುವ ಮುಂಚೆ ನಾವು ಆಫೀಸಿನವರು ಸೇರಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡೆವು. ನಾನು ಹಾಜಿಗೂ ಫೋನು ಮಾಡಿದ್ದೆ; ಅಷ್ಟು ದೂರದಿಂದ ಬಂದಾರೆಂದು ಅಂದುಕೊಂಡಿರಲಿಲ್ಲ. ಬಿರಿಯಾನಿ ಬಡಿಸುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಮೂವತ್ತರ ಆಸುಪಾಸಿನ ಒಬ್ಬಳು ಹೆಂಗಸು.

"ನನ್ನ ಮಗಳು. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ" ಎಂದರು ಹಾಜಿ. ಆಮೇಲೆ ಉಸ್ತಾದರ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. "ನಿನಗೆ ಒಂದು ಮಾತು ಹೇಳಿರಲಿಲ್ಲ. ಅವತ್ತು ಹೇಳಿದ್ದರೆ ನಾನು ಅಳುತ್ತಿದ್ದೆ. ಹೊರಗಿನವರ ಮುಂದೆ ನನಗೆ ಅಳಲು ಬರುವುದಿಲ್ಲ. ಆ ಶನಿವಾರ ನಮ್ಮ ಕ್ಲಬ್ಬಿನಿಂದ ಮೊದಲು ಹಾರಿಸಬೇಕಾಗಿದ್ದವಳು ಇವಳು. ಟ್ರೇಯ ಮೊದಲ ಸಾಲು ಇವಳದು. ನಾನೇ, ನನ್ನ ಕೈಯಾರೆ ತುಂಬಿದ್ದೆ."

ಉಸ್ತಾದರ ಹೆಂಡತಿ ನೀರಿನ ಲೋಟವನ್ನು ಗಂಡನ ಕಡೆ ಸರಿಸಿದರು. ನಮ್ಮ ಮ್ಯಾನೇಜರು ತಲೆ ತಗ್ಗಿಸಿ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು.

ಒಂದು ಗುಟುಕು ಕುಡಿದು ಉಸ್ತಾದ್ ಹಾಜಿಯ ಮಗಳ ಕಡೆ ತಿರುಗಿದರು. "ಆಮೇಲೆ ಹೊಸ ಕಾಡತೂಸು ತುಂಬಿ ಹೋದಿರಲ್ಲ ಅವತ್ತು, ಎಷ್ಟನೇ ನಂಬರು ಬಂದಿರಿ?"

ಅವಳು ಅಪ್ಪನನ್ನು ನೋಡಿದಳು. "ಹನ್ನೊಂದು" ಎಂದಳು.

"ಎಷ್ಟು ಜನ ಇದ್ದಿರಿ?"

"ಹನ್ನೆರಡು."

ಉಸ್ತಾದ್ ಗಂಭೀರವಾಗಿ ಹಾಜಿಯನ್ನು ಕೇಳಿದರು: "ಮದ್ದು ಕಮ್ಮಿ ಆಗಿತ್ತೇ?"

"ಇಲ್ಲ" ಎಂದರು ಹಾಜಿ, ಅಷ್ಟೇ ಗಂಭೀರವಾಗಿ. "ಒಂದೊಂದನ್ನೂ ತೂಗಿ ಹಾಕಿದ್ದೆ."

ಮಗಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವರು ಉಸ್ತಾದರ ಹೆಂಡತಿ; ಆಮೇಲೆ ಯಾರು ಯಾರನ್ನು ನಗಿಸಿದರೋ ಗೊತ್ತಿಲ್ಲ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆವು. ಹಾಜಿಯ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬಿರಿಯಾನಿ ಪೂರ್ತಿ ತಣ್ಣಗಾಗುವವರೆಗೂ ಅವರು ಉಸ್ತಾದರ ಕೈಯನ್ನು ಬಿಡಲಿಲ್ಲ; ಉಸ್ತಾದ್ ಎಡಗೈಯಲ್ಲಿ ಚಮಚ ಹಿಡಿದು, ಅರ್ಧ ಚೆಲ್ಲುತ್ತಾ, ಹಾಗೇ ಊಟ ಮುಗಿಸಿದರು.